ಮ್ಯಾಜಿಕ್ ಪೈಪು ಮತ್ತು ಒಬ್ಬ ಕಿರಿಯ ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ಮುಂದೆ ಹಡಗಿನಲ್ಲಿ ಕೆಲಸಕ್ಕೆ ಸೇರುವವರು ಇಲ್ಲಿ ಹಲವರಿದ್ದೀರಿ. ಅದಕ್ಕೇ ಕೆರಿಬಿಯನ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗಿನ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ಹಡಗಿನ ತಳದಲ್ಲಿ ನೀರು ಸೇರುತ್ತಲೇ ಇರುತ್ತದೆ. ಎಂಜಿನ್‌ನಿಂದ ಸೋರಿದ ಎಣ್ಣೆಯೂ ಅದರಲ್ಲಿ ಬೆರೆಯುತ್ತದೆ. ಇದೇ ಬಿಲ್ಜ್ ನೀರು. ಮಾರ್ಪಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದರಿಂದ ಎಣ್ಣೆಯನ್ನು ಬೇರ್ಪಡಿಸಬೇಕು. ಹತ್ತು ಲಕ್ಷ ಪಾಲು ನೀರಿಗೆ 15 ಪಾಲಿಗಿಂತ ಜಾಸ್ತಿ ಎಣ್ಣೆ ಉಳಿದಿದ್ದರೆ ಸಮುದ್ರಕ್ಕೆ ಬಿಡುವಂತಿಲ್ಲ. ಬಿಟ್ಟದ್ದು, ಬಂದರಿಗೆ ಒಪ್ಪಿಸಿದ್ದು ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ನಿಯಮವೇನೋ ಚೆನ್ನಾಗಿದೆ. ಆದರೆ ನಡುಸಮುದ್ರದಲ್ಲಿ ನೋಡುವವರು ಯಾರು?

ಈ ಹಡಗಿನಲ್ಲಿ ಎಣ್ಣೆ ಬೇರ್ಪಡಿಸುವ ಯಂತ್ರವನ್ನು ತಪ್ಪಿಸಿ ಕೊಳೆ ನೀರನ್ನು ನೇರವಾಗಿ ಹೊರಗೆ ಬಿಡಲು ಬೇರೊಂದು ಪೈಪು ಜೋಡಿಸಿದ್ದರು. ಹಡಗಿನವರ ಮಾತಿನಲ್ಲಿ ಅದು ‘ಮ್ಯಾಜಿಕ್ ಪೈಪು’. ಎಣ್ಣೆಯ ಪ್ರಮಾಣ ಅಳೆಯುವ ಉಪಕರಣಕ್ಕೆ ಶುದ್ಧ ಸಮುದ್ರದ ನೀರು ಹಾಯಿಸಿ, ಎಲ್ಲ ಸರಿಯಾಗಿದೆ ಎಂಬ ಸುಳ್ಳು ದಾಖಲೆಯನ್ನೂ ಸೃಷ್ಟಿಸಿದ್ದರು. 2005ರಿಂದಲೇ ಇಂಥದ್ದು ನಡೆದಿತ್ತು. 2013ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕರಾವಳಿಯಾಚೆ ಹೀಗೆ ಸುರಿದದ್ದು ಸುಮಾರು 4,200 ಗ್ಯಾಲನ್. ಕಾರಣ ದುಡ್ಡು. ಬಂದರಿನಲ್ಲಿ ಕೊಳೆ ಇಳಿಸಲು ಖರ್ಚು ಜಾಸ್ತಿ ಎಂದು ಮುಖ್ಯ ಎಂಜಿನಿಯರ್ ಕೈಕೆಳಗಿನವರಿಗೆ ಹೇಳಿದ್ದ.

ಇದನ್ನು ಹೊರಗೆ ತಂದದ್ದು ಉಪಗ್ರಹವೂ ಅಲ್ಲ, ತಪಾಸಣೆಯೂ ಅಲ್ಲ. ಆಗಷ್ಟೇ ಸೇರಿದ್ದ ಒಬ್ಬ ಕಿರಿಯ ಎಂಜಿನಿಯರ್. ಹಡಗು ಬ್ರಿಟನ್ನಿನ ಬಂದರು ಮುಟ್ಟಿದಾಗ ಕೆಲಸ ಬಿಟ್ಟು ಇಳಿದು, ಅಲ್ಲಿನ ಅಧಿಕಾರಿಗಳಿಗೆ ತಿಳಿಸಿದರು. ಮೇಲಿನವರು ಪೈಪು ಕಿತ್ತುಹಾಕಿಸಿ, ಸುಳ್ಳು ಹೇಳಿ ಎಂದು ಸಿಬ್ಬಂದಿಗೆ ಆಜ್ಞೆ ಮಾಡಿದ್ದರು. ಆದರೂ 2016ರಲ್ಲಿ ಪ್ರಿನ್ಸೆಸ್ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಇಷ್ಟಾದ ಮೇಲೂ ಬುದ್ಧಿ ಬಂತೇ? ಶಿಕ್ಷೆಯ ಭಾಗವಾಗಿ ನ್ಯಾಯಾಲಯ ಹಾಕಿದ್ದ ಮೇಲ್ವಿಚಾರಣೆಯ ಷರತ್ತು ಮುರಿದದ್ದಕ್ಕೆ 2019ರಲ್ಲಿ ಮಾತೃಸಂಸ್ಥೆ ಕಾರ್ನಿವಲ್ ಮತ್ತೆ 2 ಕೋಟಿ ಡಾಲರ್ ತೆರಬೇಕಾಯಿತು. ಬಹಾಮಾಸ್ ಬಳಿ ಊಟದ ಕಸದ ಜೊತೆ ಪ್ಲಾಸ್ಟಿಕ್ ಸುರಿದದ್ದೂ ಆ ಪಟ್ಟಿಯಲ್ಲಿತ್ತು.

ಅಮೆರಿಕದ ಕಾನೂನಿನಲ್ಲಿ, ಮಾಹಿತಿ ಕೊಟ್ಟವರಿಗೆ ದಂಡದ ಅರ್ಧದವರೆಗೂ ಕೊಡಲು ನ್ಯಾಯಾಲಯಕ್ಕೆ ಅವಕಾಶವಿದೆ. ದುಡ್ಡಿನಾಸೆಗೆ ದೂರು ಕೊಡುತ್ತಾರೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೂರು ಕೊಟ್ಟವನು ಕೆಲಸ ಕಳೆದುಕೊಳ್ಳುತ್ತಾನೆ, ಬೇರೆ ಹಡಗಿನಲ್ಲೂ ಯಾರೂ ಕರೆಯದೇ ಹೋಗಬಹುದು. ಮನೆಯಲ್ಲಿ ಸಾಲ ಇರುತ್ತೆ ಅಲ್ವಾ? ಬರೀ ಧೈರ್ಯ ಮಾಡು ಅಂದರೆ ಸಾಲದು.

ಇನ್ನೊಂದು ಕೆಲಸವನ್ನು ಬಂದರುಗಳೇ ಮಾಡಬಹುದು. ಯುರೋಪಿನ ಒಕ್ಕೂಟ 2019ರ ನಿಯಮದಲ್ಲಿ ಹಡಗಿನ ಕಸಕ್ಕೆ ಇದನ್ನೇ ಮಾಡಿದೆ. ಕಸ ಇಳಿಸಲಿ, ಬಿಡಲಿ, ಬಂದರಿಗೆ ಬಂದ ಹಡಗು ಅದರ ಶುಲ್ಕ ಕಟ್ಟಲೇಬೇಕು. ಕಟ್ಟಿದ ಮೇಲೆ ಸಮುದ್ರಕ್ಕೆ ಎಸೆದು ಉಳಿಸುವುದೇನು? ಎಣ್ಣೆಯ ಕೊಳೆಗೂ ಇದೇ ಲೆಕ್ಕ ಬರಬೇಕು. ನಮ್ಮ ಮಂಗಳೂರಿನಲ್ಲೂ ಬರಬೇಕು.