ತಟ್ಟೆಯನ್ನು ಮಗುಚುವ ಮೊದಲು

ನಮಸ್ಕಾರ. ಇವತ್ತು ನನ್ನ ಮೇಜಿನ ಮೇಲೆ ಮೂರು ತಟ್ಟೆಗಳಿವೆ. ದೂರದಿಂದ ನೋಡಿದರೆ ಮೂರೂ ಒಂದೇ. ಬಿಳಿಯ ಮೇಲೆ ನೀಲಿ ಚಿತ್ರ: ನೀರಿನತ್ತ ಬಾಗಿದ ಮರ, ಚೀನಾದ ಶೈಲಿಯ ಮಾಳಿಗೆಮನೆ, ದೋಣಿ, ಸೇತುವೆ. ಇಂಗ್ಲೆಂಡಿನಲ್ಲಿ ಇದನ್ನು ವಿಲ್ಲೋ ಪ್ಯಾಟರ್ನ್ ಎನ್ನುತ್ತಾರೆ. ಹಳೆಯ ಸಾಮಾನಿನ ಯಾವ ಅಂಗಡಿಗೆ ಹೋದರೂ ಒಂದಾದರೂ ಕಣ್ಣಿಗೆ ಬೀಳುತ್ತದೆ. ನಾನು ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದ ಮೇಲೆ ಹತ್ತಿದ ಹುಚ್ಚು ಇದು. ಈ ಬಗೆಯ ತಟ್ಟೆಗಳು ಹುಟ್ಟಿದ, ಪಿಂಗಾಣಿ ಕಾರ್ಖಾನೆಗಳ ಊರಾದ ಸ್ಟೋಕ್ ಆನ್ ಟ್ರೆಂಟ್ ಇಲ್ಲಿಂದ ಹೆಚ್ಚುಕಡಿಮೆ ಒಂದು ಗಂಟೆಯ ರೈಲು ಪ್ರಯಾಣ.

ಹಳೆಯ ತಟ್ಟೆ ಕೈಗೆ ಬಂದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಅದನ್ನು ಮಗುಚಿ ಹಿಂಬದಿಯ ಮುದ್ರೆ ನೋಡುವುದು. ಈಗಂತೂ ಆ ಮುದ್ರೆಯ ಫೋಟೊ ತೆಗೆದು ಮೊಬೈಲಿನಲ್ಲಿ ಹುಡುಕುತ್ತಾರೆ. ಒಂದು ಹೆಸರು ಬರುತ್ತದೆ, ಒಂದು ಬೆಲೆ ಬರುತ್ತದೆ, ಅಲ್ಲಿಗೆ ನೋಡುವುದು ಮುಗಿಯಿತು. ಇದು ತಪ್ಪು ಎಂದು ಹೇಳುವುದಕ್ಕಾಗಿಯೇ ನಾನು ಇವತ್ತು ಕುಳಿತಿದ್ದೇನೆ. ಮೊದಲು ಮುಂಬದಿಯನ್ನು ಓದಬೇಕು. ಮುದ್ರೆ ಆಮೇಲೆ.

ಈ ಮೊದಲನೆಯ ತಟ್ಟೆಯನ್ನು ಕ್ಯಾಮೆರಾದ ಹತ್ತಿರ ಹಿಡಿಯುತ್ತೇನೆ. ದಾನ ಬಂದ ಸಾಮಾನು ಮಾರುವ ದತ್ತಿ ಅಂಗಡಿಯೊಂದರಲ್ಲಿ ಮೂರು ಪೌಂಡಿಗೆ ಸಿಕ್ಕಿತು. ಹಿಂದೆ ಮುದ್ರೆಯೇ ಇಲ್ಲ. ಅದೇ ವಾರ ಇದನ್ನು ಒಬ್ಬ ವ್ಯಾಪಾರಿಗೆ ತೋರಿಸಿದಾಗ ಅವರು ಮಗುಚಿ ನೋಡಿ, ಇದಕ್ಕೇನೂ ಬೆಲೆಯಿಲ್ಲ ಎಂದು ಕೈಗಿತ್ತುಬಿಟ್ಟರು. ಚಿತ್ರದ ಕಡೆಗೆ ಅವರ ಕಣ್ಣು ಹೋಗಲೇ ಇಲ್ಲ. ಮೊದಮೊದಲಿನ ನೀಲಿ ಮುದ್ರಣದ ಎಷ್ಟೋ ಪಾತ್ರೆಗಳಿಗೆ ಹಿಂಬದಿಯಲ್ಲಿ ಹೆಸರು ಹಾಕುವ ರೂಢಿಯೇ ಇರಲಿಲ್ಲ. ಹೆಸರಿಲ್ಲದ್ದನ್ನೆಲ್ಲ ತಳ್ಳಿಹಾಕಿದರೆ ನಾವು ತಳ್ಳಿಹಾಕುವುದು ಆರಂಭದ ಕಾಲವನ್ನೇ.

ಚಿತ್ರವನ್ನು ಓದುವುದು ಹೇಗೆ? ಎಣಿಸುವುದರಿಂದ ಆರಂಭಿಸಿ. ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿ, ಮುಂದೆ ಅಂಕುಡೊಂಕಾದ ಬೇಲಿ, ಒಂದು ದೋಣಿ, ಮನೆಯ ಹಿಂದೆ ಹಣ್ಣು ತುಂಬಿದ ಮರ. ಇಷ್ಟೂ ಇದ್ದರೆ ಅದು ಸುಮಾರು 1790ರಲ್ಲಿ ಜೋಸಯ ಸ್ಪೋಡ್ ಅವರ ಕಾರ್ಖಾನೆ ನೆಲೆಗೊಳಿಸಿದ ಮೂಲ ವಿಲ್ಲೋ ವಿನ್ಯಾಸದ ಸಂತತಿ. ಸೇತುವೆಯೇ ಇಲ್ಲದಿದ್ದರೆ ಅದಕ್ಕೂ ಹಿಂದಿನ ಮ್ಯಾಂಡರಿನ್ ವಿನ್ಯಾಸವಿರಬಹುದು. ಒಂದರ ಪಕ್ಕ ಒಂದು ಎರಡು ಮಂದಿರಗಳಿದ್ದು, ಸೇತುವೆಯ ಮೇಲೆ ಇಬ್ಬರೇ ಇದ್ದು, ಹಕ್ಕಿಗಳೇ ಇಲ್ಲದಿದ್ದರೆ ಅದು ಟೂ ಟೆಂಪಲ್ಸ್ ಎಂಬ ಬೇರೆಯೇ ಕವಲು. ಹಣ್ಣುಗಳನ್ನೂ ಬಿಡಬೇಡಿ. ಒಬ್ಬ ತಯಾರಕನ ಮರದಲ್ಲಿ 32 ಇದ್ದರೆ ಇನ್ನೊಬ್ಬನದರಲ್ಲಿ 34. ಒಂದೇ ಚಿತ್ರವನ್ನು ನೂರಾರು ಕಾರ್ಖಾನೆಗಳು ನಕಲು ಮಾಡಿದಾಗ ಪ್ರತಿಯೊಬ್ಬ ಕೆತ್ತನೆಗಾರನೂ ಚಿತ್ರ ಅಚ್ಚೊತ್ತುವ ತನ್ನ ತಾಮ್ರದ ಫಲಕದಲ್ಲಿ ಹೊಸದಾಗಿ ಮರ ನೆಟ್ಟ. ಅವನ ಹೆಸರು ಎಲ್ಲಿಯೂ ಬರೆದಿಲ್ಲ. ಅವನ ಕೈಗುರುತಾಗಿ ಉಳಿದಿರುವುದು ಈ ಲೆಕ್ಕ ಮಾತ್ರ.

ಈಗ ಎರಡನೆಯ ತಟ್ಟೆ. ಇದರ ಹಿಂದೆ ಅಚ್ಚುಕಟ್ಟಾಗಿ ಬೂತ್ಸ್ ಎಂಬ ಕಂಪನಿಯ ಹೆಸರಿದೆ, ಅದರ ಜೊತೆಗೆ ‘ರಿಯಲ್ ಓಲ್ಡ್ ವಿಲ್ಲೋ’ ಎಂದೂ ಇದೆ. ನಿಜವಾದ ಹಳೆಯ ವಿಲ್ಲೋ! ಮುದ್ರೆಯನ್ನಷ್ಟೇ ನಂಬುವವರು ಇಲ್ಲಿಗೆ ನಿಲ್ಲುತ್ತಾರೆ. ಮುಂಬದಿಗೆ ತಿರುಗಿಸಿ ನೋಡಿ. ಎರಡು ಮಂದಿರಗಳಿವೆ, ಹಕ್ಕಿಗಳಿಲ್ಲ. ಇದು ಟೂ ಟೆಂಪಲ್ಸ್, ಅದೂ ಎಡಬಲ ತಿರುಗಿಸಿದ್ದು. ಕಾಲವೂ ಇಪ್ಪತ್ತನೆಯ ಶತಮಾನ. ತಟ್ಟೆ ಬಹಳ ಚೆನ್ನಾಗಿದೆ, ನನಗೆ ಪ್ರಿಯವಾದದ್ದೇ. ಆದರೆ ಹಿಂಬದಿ ಒಂದು ಹೇಳಿದರೆ ಮುಂಬದಿ ಇನ್ನೊಂದು ಹೇಳುತ್ತದೆ.

ಮುದ್ರೆಯಿಂದ ಉಪಯೋಗವಿಲ್ಲ ಎನ್ನುತ್ತಿಲ್ಲ. ಇಂಗ್ಲೆಂಡ್ ಎಂಬ ಪದವಿದ್ದರೆ ಅದು ಬಹುತೇಕ 1891ರ ನಂತರದ್ದು, ಏಕೆಂದರೆ ಅಮೆರಿಕದ ಸುಂಕದ ಕಾನೂನು ಸರಕಿನ ಮೇಲೆ ದೇಶದ ಹೆಸರು ಬೇಕೆಂದಿತು. ಈ ಮೂರನೆಯ ತಟ್ಟೆಯ ಹಿಂದೆ ಆಕ್ಯುಪೈಡ್ ಜಪಾನ್, ಅಂದರೆ ಪರರ ವಶದಲ್ಲಿದ್ದ ಜಪಾನ್, ಎಂದಿದೆ. ಎರಡನೆಯ ಮಹಾಯುದ್ಧದ ನಂತರ, 1952ರೊಳಗಿನ ಆ ಕೆಲವೇ ವರ್ಷಗಳದ್ದು. ಇಂಥ ಕಡೆ ಮುದ್ರೆ ನೇರವಾಗಿ ಸಾಕ್ಷಿ ಹೇಳುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತನ್ನು ತೋರಿಸಿಕೊಟ್ಟವರು ನನ್ನ ಅಮ್ಮ. ಹುಬ್ಬಳ್ಳಿಯಿಂದ ಬಂದಿದ್ದಾಗ ಈ ಮೊದಲನೆಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಾ, “ಇಲ್ಲಿ ನೋಡಪ್ಪಾ, ಅಂಚು ಕೂಡಿಲ್ಲ” ಎಂದರು. ಇಳಕಲ್ ಸೀರೆ ಕೊಳ್ಳುವಾಗ ಸೆರಗು ಒಡಲಿಗೆ ಸೇರುವ ಕೊಂಡಿಯನ್ನು ಬೆರಳಿನಿಂದ ಸವರಿ ನೋಡುವವರು ಅವರು. ನಾನು ಎರಡು ವರ್ಷ ನೋಡಿಯೂ ಕಾಣದ್ದನ್ನು ಎರಡು ನಿಮಿಷದಲ್ಲಿ ಕಂಡರು. ತಟ್ಟೆಯ ಅಂಚಿನ ಬಳ್ಳಿವಿನ್ಯಾಸ ಒಂದು ಕಡೆ ತಟ್ಟನೆ ಕತ್ತರಿಸಿ, ಅರ್ಧ ಹೂವಿಗೆ ಇನ್ನಾವುದೋ ಎಲೆ ತಾಗಿತ್ತು.

ಅದು ಹೇಗಾಯಿತು ಎಂದು ತಿಳಿಯಲು ಆ ಕೆಲಸ ಗೊತ್ತಿರಬೇಕು. ಕೆತ್ತಿದ ತಾಮ್ರದ ಫಲಕವನ್ನು ಬಿಸಿ ಮಾಡಿ, ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ಬಣ್ಣವನ್ನು ಗೆರೆಗಳೊಳಗೆ ತುಂಬುತ್ತಾರೆ. ಅದರ ಮೇಲೆ ತೆಳುವಾದ ಕಾಗದ ಹಾಸಿ ಒತ್ತಿ ತೆಗೆಯುತ್ತಾರೆ. ಕತ್ತರಿಸುವವಳು ನಡುವಿನ ಚಿತ್ರವನ್ನೂ ಅಂಚಿನ ಪಟ್ಟಿಯನ್ನೂ ಬೇರೆ ಬೇರೆ ಮಾಡುತ್ತಾಳೆ. ಒಮ್ಮೆ ಸುಟ್ಟ, ಇನ್ನೂ ಹೊಳಪು (ಗಾಜಿನಂಥ ಲೇಪ) ಹಾಕದ ತಟ್ಟೆಯ ಮೇಲೆ ಅವನ್ನು ಅಂಟಿಸಿ, ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಕಾಗದವನ್ನು ತೊಳೆದು ಬಿಡುತ್ತಾರೆ. ಎಣ್ಣೆ ಹೋಗುವಂತೆ ಮತ್ತೆ ಕಾಯಿಸಿ, ಕೊನೆಗೆ ಹೊಳಪು ಹಾಕಿ ಸುಡುತ್ತಾರೆ. ಕಾಗದದ ಪಟ್ಟಿ ಚಪ್ಪಟೆ, ತಟ್ಟೆಯ ಅಂಚು ದುಂಡು. ಪಟ್ಟಿ ಸುತ್ತಿ ಬಂದು ತನ್ನ ತಲೆಯನ್ನೇ ಸೇರುವಲ್ಲಿ ಸ್ವಲ್ಪ ಹೆಚ್ಚು ಅಥವಾ ಕಡಿಮೆ ಆಗಿಯೇ ಆಗುತ್ತದೆ. ಆ ಕೆಲಸ ಹೆಚ್ಚಾಗಿ ಹೆಂಗಸರದು. ಸ್ಟೋಕ್‌ನ ಭಾಗವಾದ ಬರ್ಸ್ಲೆಮ್‌ನ ಮಿಡ್ಲ್‌ಪೋರ್ಟ್ ಪಾಟರಿಯಲ್ಲಿ ಬರ್ಲೇ ಕಂಪನಿ ಇಂದಿಗೂ ಹೀಗೆಯೇ ಕಾಗದ ಅಂಟಿಸುತ್ತದೆ. ಅವಕಾಶ ಸಿಕ್ಕರೆ ದಯವಿಟ್ಟು ಹೋಗಿ ನೋಡಿ.

ಯಂತ್ರದಲ್ಲಿ ಅಚ್ಚಾದ ಹೊಸ ಸ್ಟಿಕರ್ ಮಾದರಿಯ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಪತ್ರಿಕೆಯ ಫೋಟೊದಂತೆ ಸಮವಾದ ಚುಕ್ಕಿಗಳು ಕಾಣುತ್ತವೆ. ಹಳೆಯದರಲ್ಲಿ ಉಳಿ ಎಳೆದ ಗೆರೆ ಕಾಣುತ್ತದೆ. ತೀರಾ ಹಳೆಯವುಗಳಲ್ಲಿ ಬರೀ ಗೆರೆಗಳು, ಆದ್ದರಿಂದ ನೀಲಿ ಗಾಢ. ಆಮೇಲಿನವುಗಳಲ್ಲಿ ಗೆರೆಯ ಜೊತೆ ಕೈಯಿಂದ ಕುಟ್ಟಿದ ಚುಕ್ಕಿಗಳೂ ಸೇರಿ ನೆರಳು ಮೃದುವಾಗುತ್ತದೆ. ತಳದ ಉಂಗುರದ ಒಳಮೂಲೆಯಲ್ಲಿ ಹೊಳಪು ನಿಂತು ತಿಳಿನೀಲಿಯಾಗಿದ್ದರೆ ಅದು ಪರ್ಲ್‌ವೇರ್ ಎಂಬ, ಹೊಳಪಿನಲ್ಲಿ ತುಸು ನೀಲಿ ಬೆರೆಸಿದ ಬಗೆ. ಅಂದರೆ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಆರಂಭ ಅಥವಾ ಅದಕ್ಕೂ ಹಿಂದಿನದು. ನನ್ನ ಮೂರು ಪೌಂಡಿನ ತಟ್ಟೆಯಲ್ಲಿ ಈ ನೀಲಿ ಇದೆ!

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಈ ಚಿತ್ರದಲ್ಲಿ ಚೀನಾದ ಪ್ರಾಚೀನ ಪ್ರೇಮಕಥೆಯಿದೆ, ಓಡಿಹೋದ ಪ್ರೇಮಿಗಳು ಸತ್ತು ಹಕ್ಕಿಗಳಾದರು ಎಂದು ಮಾರುವವರು ಹೇಳುತ್ತಾರೆ. ಆ ಕಥೆ ಅಚ್ಚಾದದ್ದು 1849ರಲ್ಲಿ, ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ. ತಟ್ಟೆ ಹುಟ್ಟಿ ಆಗಲೇ ಸುಮಾರು ಅರುವತ್ತು ವರ್ಷ! ಚಿತ್ರ ಮೊದಲು, ಕಥೆ ನಂತರ. ನಿಜವಾದ ಹಿನ್ನೆಲೆ ವ್ಯಾಪಾರದ್ದು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚೀನಾದ ಪಿಂಗಾಣಿಯನ್ನು ರಾಶಿ ರಾಶಿಯಾಗಿ ತರಿಸುವುದನ್ನು ನಿಲ್ಲಿಸಿತು. ಚೀನಾದ ನೀಲಿ ತಟ್ಟೆಗೆ ಒಗ್ಗಿದ ಮನೆಗಳಿಗೆ ಬದಲಿ ಬೇಕಾಯಿತು, ಸ್ಟೋಕ್ ಅದನ್ನು ಕೊಟ್ಟಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅದೇ ಕಂಪನಿಯ ಸೈನ್ಯ ಟಿಪ್ಪುವಿನಿಂದ ಬೆಂಗಳೂರಿನ ಕೋಟೆಯನ್ನು ಕಿತ್ತುಕೊಂಡಿತ್ತು. ಈ ತಟ್ಟೆಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಒಂದು ಎಚ್ಚರಿಕೆ. ಹಳೆಯ ಹೊಳಪಿನಲ್ಲಿ ಸೀಸವಿರುತ್ತದೆ. ಇಂಥ ತಟ್ಟೆಯಲ್ಲಿ ಹುಣಸೆಹುಳಿಯ ಸಾರು, ಉಪ್ಪಿನಕಾಯಿ ಬಡಿಸಬೇಡಿ. ಗೋಡೆಗೆ ನೇತುಹಾಕಿ, ಕಪಾಟಿನಲ್ಲಿಡಿ.

ಹೋದ ವಾರ ಅಮ್ಮನಿಗೆ ಈ ಮೊದಲನೆಯ ತಟ್ಟೆಯ ದೊಡ್ಡ ಫೋಟೊ ಕಳುಹಿಸಿ ಹಣ್ಣುಗಳನ್ನು ಎಣಿಸಲು ಹೇಳಿದೆ. ನನ್ನ ಲೆಕ್ಕಕ್ಕೆ 34 ಬಂದಿತ್ತು, ಅವರಿಗೆ 32. ವಿಡಿಯೊ ಕರೆಯಲ್ಲಿ ಕೂತು ಕೊಂಬೆ ಕೊಂಬೆಗೂ ಬೆರಳಿಟ್ಟು ಮತ್ತೆ ಎಣಿಸಿದೆವು. ಮನೆಯ ಮಾಡು ಎರಡು ಹಣ್ಣುಗಳನ್ನು ಅರ್ಧ ಮರೆಮಾಡಿದೆ. ಅವನ್ನು ಲೆಕ್ಕಕ್ಕೆ ಸೇರಿಸಬಾರದು ಎಂಬ ಮಾತಿನಿಂದ ಅಮ್ಮ ಈವರೆಗೂ ಕದಲಿಲ್ಲ.