ಸಿಂಧನೂರಿಗೆ ಬಂದವರು, ಸಿಂಧನೂರು ಬಿಟ್ಟವರು

(ಸಿಂಧನೂರಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಹುಟ್ಟಿದ ಊರಲ್ಲೇ ಕೊನೆತನಕ ಇರೋದು ಒಳ್ಳೆಯದೋ, ಊರು ಬಿಡೋದು ಒಳ್ಳೆಯದೋ ಅಂತ ವಿಷಯ ಕೊಟ್ಟಿದ್ದೀರಿ. ಚರ್ಚಾಸ್ಪರ್ಧೆಗೆ ಹೇಳಿ ಮಾಡಿಸಿದ ವಿಷಯ. ಒಬ್ಬರು ಪರ ಮಾತಾಡುತ್ತಾರೆ, ಒಬ್ಬರು ವಿರೋಧ ಮಾತಾಡುತ್ತಾರೆ, ಕೊನೆಗೆ ಎಲ್ಲರಿಗೂ ಚಪ್ಪಾಳೆ. ನಾನು ಹಾಗೆ ಪಕ್ಷ ಹಿಡಿಯುವುದಿಲ್ಲ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಬಹಳ ಜನರಿಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಸಾಧ್ಯ ಇದ್ದವರಿಗೆ ಮಾತ್ರ ಅದು ಪ್ರಶ್ನೆ. ಅದು ಯಾರಿಗೆ ಸಾಧ್ಯವಾಯಿತು, ಯಾರಿಗೆ ಆಗಲಿಲ್ಲ, ಯಾಕೆ ಆಗಲಿಲ್ಲ ಅನ್ನೋದನ್ನು ನೋಡೋಣ.

ದೂರದ ಉದಾಹರಣೆ ಬೇಡ. ಈ ತಾಲ್ಲೂಕನ್ನೇ ತಗೊಳ್ಳಿ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು. 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ಮುನಿರಾಬಾದ್ ಹತ್ತಿರ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹೋಗುತ್ತದೆ. ಉದ್ದ 227 ಕಿಲೋಮೀಟರ್. ನೀರು ಬರುತ್ತದೆ ಅಂದಾಗ ಇಲ್ಲಿನ ರೈತರಿಗೆ ಖುಷಿಗಿಂತ ದಿಗಿಲೇ ಜಾಸ್ತಿ ಆಗಿತ್ತು ಅಂತ ಹಿರಿಯರು ಹೇಳುತ್ತಿದ್ದರು. ಎರೆ ಹೊಲದಲ್ಲಿ ಜೋಳ, ಹತ್ತಿ ಬೆಳೆದವರು ಅವರು. ಮಳೆ ನೋಡಿ ಬಿತ್ತೋದು, ಉಳಿದದ್ದು ದೇವರಿಗೆ ಬಿಡೋದು. ನೆಲ್ಲು ಹಚ್ಚಬೇಕು ಅಂದರೆ ನೆಲ ಮಟ್ಟ ಮಾಡಬೇಕು, ಬದು ಕಟ್ಟಬೇಕು, ಗೊಬ್ಬರಕ್ಕೆ ದುಡ್ಡು ಹೊಂದಿಸಬೇಕು. ಆ ದುಡ್ಡು ಯಾರ ಹತ್ತಿರ ಇತ್ತು?

ಅದೇ ಹೊತ್ತಿಗೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದರು. ಅಲ್ಲಿ ಚೂರು ಹೊಲ ಮಾರಿದರೆ ಇಲ್ಲಿ ಅದರ ಹಲವು ಪಟ್ಟು ಸಿಗುತ್ತಿತ್ತು. ಗದ್ದೆ ಕೆಲಸ ಅವರಿಗೆ ಮೊದಲೇ ಗೊತ್ತಿತ್ತು. ಕಾಲುವೆ ಬದಿಯಲ್ಲಿ ಗುಡಿಸಲು ಹಾಕಿಕೊಂಡರು. ಅವೇ ಇವತ್ತಿನ ಕ್ಯಾಂಪ್‌ಗಳು. ಬಂದವರೆಲ್ಲ ದುಡ್ಡಿದ್ದವರು ಅಂತ ತಿಳಿಯಬೇಡಿ, ಬರಿಗೈಯಲ್ಲಿ ಕೂಲಿಗೆ ಬಂದವರೂ ಇದ್ದರು. ಈಗ ಅವರ ಮೊಮ್ಮಕ್ಕಳು ಇದೇ ಸಭೆಯಲ್ಲಿ ಕೂತಿದ್ದಾರೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನಿಮ್ಮೂರು ಯಾವುದು ಅಂತ ಕೇಳಿದರೆ ಕ್ಯಾಂಪಿನ ಹೆಸರೇ ಹೇಳುತ್ತಾರೆ. ಹೇಳಲೇಬೇಕಲ್ವಾ, ಅವರು ಹುಟ್ಟಿದ್ದು ಅಲ್ಲೇ.

ಇನ್ನೊಂದು ಗುಂಪು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು. ಅವರು ಆರಿಸಿಕೊಂಡು ಬಂದವರಲ್ಲ. ಓಡಿ ಬಂದವರು. ಸರ್ಕಾರ ಇಲ್ಲಿ ಆರ್.ಎಚ್. ಕ್ಯಾಂಪ್‌ಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪ್‌ಗಳಲ್ಲಿ, ಜಾಗ ಕೊಟ್ಟಿತು. ಅಲ್ಲಿ ಇವತ್ತಿಗೂ ದಸರಾ ಅಂದರೆ ದುರ್ಗಾಪೂಜೆ. ಇಷ್ಟು ವರ್ಷ ಇಲ್ಲೇ ಬಾಳಿದ್ದರೂ ಅವರಲ್ಲಿ ಕೆಲವರ ಕೈಗೆ ಪೌರತ್ವದ ಕಾಗದ ಬಂದದ್ದು 2024ರಲ್ಲಿ.

ಇವರೆಲ್ಲ ಬಂದವರು. ಇದೇ ನೀರಿಗಾಗಿ ಊರು ಕಳೆದುಕೊಂಡವರ ಲೆಕ್ಕವನ್ನೂ ಇಲ್ಲೇ ಹೇಳಬೇಕು. ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿದ್ದು ಸುಮಾರು 90 ಹಳ್ಳಿ. ಎದ್ದು ಹೋದವರು 54 ಸಾವಿರ ಜನ. ಅವರಿಗೆ ಊರಲ್ಲಿ ಇರುತ್ತೀರಾ, ಬಿಡುತ್ತೀರಾ ಅಂತ ಯಾರೂ ಕೇಳಲಿಲ್ಲ. ನಾವು ಉಣ್ಣುವ ಸೋನಾ ಮಸೂರಿಯಲ್ಲಿ ಅವರ ಪಾಲೂ ಇದೆ.

ಈಗ ವಿಚಿತ್ರ ನೋಡಿ. ಬಂಗಾಳದಿಂದ, ಆಂಧ್ರದಿಂದ ಜನ ಬಂದು ಬದುಕು ಕಟ್ಟಿಕೊಂಡ ಜಿಲ್ಲೆ ಇದು. ಇದೇ ಜಿಲ್ಲೆಯ ದೇವದುರ್ಗ, ಲಿಂಗಸೂಗೂರು, ಮಸ್ಕಿ ಕಡೆಯವರು, ಪಕ್ಕದ ಕುಷ್ಟಗಿಯವರು ಪ್ರತಿ ವರ್ಷ ಗುಳೆ ಹೋಗುತ್ತಾರೆ. ಗುಳೆ ಹೋಗೋರು ಸೋಮಾರಿಗಳು, ಹೊರಗಿಂದ ಬಂದವರು ಕಷ್ಟಜೀವಿಗಳು ಅನ್ನೋ ಮಾತನ್ನು ಇಲ್ಲಿನ ಚಹಾ ಅಂಗಡಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬೆಂಗಳೂರಿನ ಬಿಸಿಲಲ್ಲಿ ಹತ್ತನೇ ಅಂತಸ್ತಿಗೆ ಸಿಮೆಂಟ್ ಹೊರುವ ಹೆಣ್ಣುಮಗಳು ಸೋಮಾರಿಯಾ? ವ್ಯತ್ಯಾಸ ಇರೋದು ನೀರಲ್ಲಿ ಮತ್ತು ದುಡ್ಡಲ್ಲಿ. ಕಾಲುವೆಯನ್ನು ಯೋಜಿಸಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಕಾಲುವೆಯ ಮೇಲ್ಭಾಗದವರು ನೆಲ್ಲು ಹಚ್ಚಿದರು. ನೆಲ್ಲು ನೀರು ಕುಡಿಯುತ್ತದೆ. ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ಖಾಲಿ ಕಾಲುವೆ ನೋಡುತ್ತಾ ಕೂತರು. ಮೇಲಿಂದ ಹೂಳು ಬೇರೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ನಿಲ್ಲೋದು 105ರ ಆಸುಪಾಸು. ಇನ್ನು ಕಾಲುವೆಯೇ ಮುಟ್ಟದ ಹಳ್ಳಿಗಳ ಪಾಡು ಕೇಳಬೇಡಿ. ಅಲ್ಲಿ ಮಳೆ ಕೈಕೊಟ್ಟರೆ ಬಸ್ ಸ್ಟ್ಯಾಂಡೇ ಗತಿ.

ಗುಳೆ ಹೋಗೋದು ನಾವು ಅಂದುಕೊಂಡ ಹಾಗೆ ಊರು ಬಿಡೋದಲ್ಲ. ಹಬ್ಬ ಮುಗಿಯುತ್ತಲೇ ಮೇಸ್ತ್ರಿ ಬರುತ್ತಾನೆ. ಮುಂಗಡ ಕೊಡುತ್ತಾನೆ. ಅದು ಹಳೇ ಸಾಲಕ್ಕೋ, ಮದುವೆಗೋ ಹೋಗಿರುತ್ತದೆ. ಆಮೇಲೆ ಗಂಟುಮೂಟೆ ಕಟ್ಟಲೇಬೇಕು. ಅಲ್ಲಿ ತಗಡಿನ ಶೆಡ್ಡು. ಮಕ್ಕಳು ಚಿಕ್ಕವರಾದರೆ ಜೊತೆಗೆ, ದೊಡ್ಡವರಾದರೆ ಊರಲ್ಲಿ ಅಜ್ಜಿ ಹತ್ತಿರ. ಮುಂಗಾರು ಶುರುವಾಗೋ ಹೊತ್ತಿಗೆ ವಾಪಸ್. ಮೊಹರಂಗೂ ಒಮ್ಮೆ ಬರುತ್ತಾರೆ. ಮುದಗಲ್ ಕಡೆ ಆಗ ನೋಡಬೇಕು, ಹಿಂದೂ ಮುಸ್ಲಿಂ ಅನ್ನದೆ ಊರಿಗೆ ಊರೇ ತುಂಬಿಕೊಳ್ಳುತ್ತದೆ. ರೇಷನ್ ಕಾರ್ಡು ಊರಲ್ಲಿ, ವೋಟು ಊರಲ್ಲಿ, ಹೊಟ್ಟೆ ಬೆಂಗಳೂರಲ್ಲಿ. 2020ರ ಲಾಕ್‌ಡೌನ್‌ನಲ್ಲಿ ನಡೆದುಕೊಂಡೇ ಹೊರಟರಲ್ಲ, ಅವರಿಗೆ ಊರಿನ ಮೇಲೆ ಪ್ರೀತಿ ಉಕ್ಕಿತು ಅಂತ ಬರೆದವರಿದ್ದಾರೆ. ಪ್ರೀತಿ ಇರಬಹುದು. ಆದರೆ ಹೊರಟದ್ದು, ಆ ನಗರದಲ್ಲಿ ಕೂಲಿ ನಿಂತ ಮರುದಿನವೇ ಅವರು ಯಾರಿಗೂ ಬೇಡವಾದರು ಅನ್ನೋ ಕಾರಣಕ್ಕೆ.

ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಬಂದಾಗ ವರ್ಷಕ್ಕೆ 100 ದಿನ ಕೆಲಸ ಅಂತ ಇತ್ತು. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಅದರ ಕೂಲಿ ದಿನಕ್ಕೆ 349 ರೂಪಾಯಿ. ಬೆಂಗಳೂರಲ್ಲಿ ಗಾರೆ ಕೆಲಸದವರಿಗೆ ಇದರ ಎರಡು ಪಟ್ಟಿಗೂ ಜಾಸ್ತಿ ಸಿಗುತ್ತದೆ. ಉಳಿಯಿರಿ ಅಂತ ಹೇಳೋದು ಸುಲಭ. ಯಾವುದರ ಮೇಲೆ ಉಳಿಯಬೇಕು?

ಒಂದು ಗುಂಪಿನ ಹೆಸರೇ ಈ ಚರ್ಚೆಯಲ್ಲಿ ಬರುವುದಿಲ್ಲ. ಇಲ್ಲಿ ಎಡಗಡೆ ಕೂತಿರುವ ತಾಯಂದಿರಲ್ಲಿ ಹುಟ್ಟಿದ ಊರಲ್ಲೇ ಇರುವವರು ಎಷ್ಟು ಜನ, ಕೈ ಎತ್ತಿ ನೋಡೋಣ? ಇಬ್ಬರು, ಮೂವರು. 2011ರ ಜನಗಣತಿ ಪ್ರಕಾರ ದೇಶದಲ್ಲಿ ಮೊದಲಿದ್ದ ಜಾಗ ಬಿಟ್ಟು ಬೇರೆ ಕಡೆ ಇರುವವರು 45 ಕೋಟಿಗೂ ಜಾಸ್ತಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಮುಖ್ಯ ಕಾರಣ ಮದುವೆ. ವಲಸೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಬ್ಯಾಗ್ ಹಾಕಿಕೊಂಡ ಹುಡುಗ. ತವರು ಬಿಟ್ಟ ಹುಡುಗಿ ಬರುವುದಿಲ್ಲ. ನೌಕರಿಗೆ ಅಂತ ಮಗಳು ಬೆಂಗಳೂರಿಗೆ ಹೋಗುತ್ತೇನೆ ಅಂದರೆ, ಒಬ್ಬಳೇ ಹೇಗಿರುತ್ತಾಳೆ ಅಂತ ಮನೆಯವರು ಒಂದು ವಾರ ಕೂತು ಯೋಚಿಸುತ್ತಾರೆ. ಬೆಂಗಳೂರಿನ ವರ ಬಂದರೆ ಒಂದೇ ಸಂಜೆಗೆ ಒಪ್ಪಿಕೊಳ್ಳುತ್ತಾರೆ. ಅಪ್ಪಂದಿರು ನಗ್ತಾ ಇದ್ದೀರಿ. ಮನೆಗೆ ಹೋಗಿ ಮಗಳನ್ನು ಕೇಳಿ.

ಊರು ಅಂದರೆ ಎಲ್ಲರಿಗೂ ತಂಪು ನೆರಳು ಅಂತ ಹೇಳೋದು ಕೂಡ ಸುಳ್ಳು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲ್ ಒಳಗೆ ಬಿಟ್ಟುಕೊಳ್ಳುವ ವಿಷಯದಿಂದ ಹತ್ತಿದ ಜಗಳ. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಹೇಳಿತು. ಪ್ರಕರಣ ಹೈಕೋರ್ಟಿಗೂ ಹೋಯಿತು. ಆ ಓಣಿಯ ಹುಡುಗ ಪಟ್ಟಣಕ್ಕೆ ಹೋಗಿ, ಯಾರೂ ಜಾತಿ ಕೇಳದ ಸಲೂನಿನಲ್ಲಿ ಕೂತು ತಲೆ ಕೊಟ್ಟರೆ, ಅವನಿಗೆ ಊರಿನ ಋಣದ ಪಾಠ ಹೇಳುವ ಹಕ್ಕು ನಮಗಿಲ್ಲ.

ನಾನು ಉಳಿದವನು. ಸರ್ಕಾರಿ ಮೇಷ್ಟ್ರು ಕೆಲಸ ಇತ್ತು, ನೀರಾವರಿ ಹೊಲ ಇತ್ತು, ಅದಕ್ಕೆ ಉಳಿದೆ. ಇದರಲ್ಲಿ ತ್ಯಾಗ ಏನೂ ಇಲ್ಲ. ಸುಮ್ನೆ ಹಾರ ಹಾಕಬೇಡಿ.

ಓದಿದ ಮಕ್ಕಳ ವಿಷಯಕ್ಕೆ ಬರುತ್ತೇನೆ. ನಿಮಗೆ ಒಂದು ಕಾನೂನಿನ ಬಲ ಇದೆ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಕಲ್ಯಾಣ ಕರ್ನಾಟಕ ಅನ್ನೋ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ, ಕಾಲೇಜು ಸೀಟುಗಳಲ್ಲಿ ಇಲ್ಲಿನವರಿಗೆ ದೊಡ್ಡ ಪಾಲು ಮೀಸಲು. ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80. ಇಲ್ಲಿನವರು ಅಂದರೆ ಯಾರು ಅಂತಲೂ ಅದರ ನಿಯಮ ಹೇಳುತ್ತದೆ. ಇಲ್ಲಿ ಹುಟ್ಟಿದವರು, ಅಥವಾ 2013ರ ಜನವರಿ 1ಕ್ಕೆ ಮೊದಲು 10 ವರ್ಷ ಇಲ್ಲಿ ಬಾಳಿದವರು. ಅಂದರೆ ಕ್ಯಾಂಪಿನ ಹುಡುಗನೂ ಇಲ್ಲಿನವನೇ. ಕಟ್ಟೆ ಮೇಲೆ ಕೂತವರಿಗಿಂತ ಕಾನೂನಿಗೆ ಮನಸ್ಸು ದೊಡ್ಡದಿದೆ ಅನ್ನಿಸುತ್ತದೆ. ಆದರೆ ಪಾಲು ಇದ್ದರೆ ಸಾಲದು, ಹುದ್ದೆ ತುಂಬಬೇಕು. ಅದಕ್ಕೆ ಕಾಯುತ್ತಾ ನಮ್ಮ ಹುಡುಗರು ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆ ಬರೆಯುತ್ತಾ ಇರುತ್ತಾರೆ. ಊರಲ್ಲಿ ಉಳಿಯೋದಕ್ಕೆ ಅಂತ ಊರು ಬಿಟ್ಟವರು ಅವರು.

ಐಐಟಿ ರಾಯಚೂರಿಗೆ ಬೇಕು ಅಂತ ಕೇಳಿದೆವು, 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ಏಮ್ಸ್‌ಗಾಗಿ ರಾಯಚೂರಿನಲ್ಲಿ 2022ರಲ್ಲಿ ಧರಣಿಗೆ ಕೂತರು, ವರ್ಷಗಟ್ಟಲೆ ಕೂತರು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಒಂದು ದೊಡ್ಡ ಆಸ್ಪತ್ರೆ, ಒಂದು ರೈಲು, ಕಾಲುವೆಯ ಕೊನೆಗೆ ನೀರು. ಇವು ಇದ್ದರೆ ಉಳಿಯೋದು ಸಾಧ್ಯವಾಗುತ್ತದೆ. ಇವು ಇಲ್ಲದೆ ಉಳಿದವನನ್ನು ಮೆಚ್ಚೋದು, ಹೋದವನನ್ನು ಬೈಯೋದು ಎರಡೂ ದಂಡ.

ಇನ್ನು ಮನೆಯೊಳಗಿನ ಮಾತು. ಮೂವರು ಮಕ್ಕಳಿದ್ದರೆ ಇಬ್ಬರು ಹೋಗುತ್ತಾರೆ, ಒಬ್ಬ ಉಳಿಯುತ್ತಾನೆ. ಯಾರು ಉಳಿಯಬೇಕು ಅಂತ ಯಾರೂ ಕೂತು ಮಾತಾಡಿರುವುದಿಲ್ಲ. ಕಡಿಮೆ ಮಾರ್ಕ್ಸ್ ಬಂದವನು ಉಳಿದಿರುತ್ತಾನೆ, ಅಷ್ಟೇ. ಆಮೇಲೆ ಫೋನ್ ಬರುತ್ತದೆ. "ತಮ್ಮಾ, ಅಪ್ಪನ್ನ ರಾಯಚೂರಿಗೆ ಕರ್ಕೊಂಡು ಹೋಗಿ ತೋರಿಸು, ನಾನು ಫೋನ್‌ಪೇ ಮಾಡ್ತೀನಿ." ದುಡ್ಡು ಬರುತ್ತದೆ, ಸುಳ್ಳಲ್ಲ. ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರೋದು ಮಾತ್ರ ತಮ್ಮ, ಅಡುಗೆ ಕಟ್ಟಿ ಕಳಿಸೋದು ತಮ್ಮನ ಹೆಂಡತಿ. ಕೊಪ್ಪಳದ ಗವಿಮಠದ ಜಾತ್ರೆ ನೋಡಿದ್ದೀರಲ್ಲ. ಊರು ಬಿಟ್ಟವರು ಕಾರಲ್ಲಿ ಬಂದು ತೇರು ಎಳೆದು ಸ್ಟೇಟಸ್ ಹಾಕುತ್ತಾರೆ. ದಾಸೋಹಕ್ಕೆ ಲಕ್ಷಗಟ್ಟಲೆ ರೊಟ್ಟಿ ಬಡಿದು ಕಳಿಸೋದು ಹಳ್ಳಿಯಲ್ಲಿ ಉಳಿದ ಹೆಂಗಸರು.

ಹಾಗಂತ ಹೋದವರಿಗೆ ಊರು ಬೇಡ ಅಂತಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದ ರಾತ್ರಿ ನನ್ನ ಹಳೇ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಫೋನ್ ಮಾಡಿದರು. ಒಂದು ಗುಂಟೆ ಹೊಲ ಇಲ್ಲದವರೂ ಕೇಳಿದರು, "ಸರ್, ನೀರು ಎಷ್ಟು ಹೋಯ್ತು?"

ನನ್ನ ಸಲಹೆ ಇಷ್ಟು. ಫಲಿತಾಂಶ ಬಂದ ಮೇಲೆ ಮನೆಯವರೆಲ್ಲ ಒಂದು ದಿನ ಕೂತು ಬಾಯಿಬಿಟ್ಟು ಮಾತಾಡಿ. ಅಪ್ಪ ಅಮ್ಮನ ಔಷಧಿ ಖರ್ಚು ಯಾರದು. ಹೊಲ ಲೀಜಿಗೆ ಕೊಟ್ಟರೆ ದುಡ್ಡು ಯಾರ ಖಾತೆಗೆ. ನೋಡಿಕೊಳ್ಳುವವರಿಗೆ ಅದರಲ್ಲಿ ಎಷ್ಟು. ಅಕ್ಕ ತಂಗಿಯರನ್ನೂ ಕೂರಿಸಿಕೊಳ್ಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲೇ ತಿದ್ದುಪಡಿ ಆಗಿದೆ. ಆಗಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹಾಗೆ ಬರೆದುಕೊಂಡರು. ಜಗಳ ಪೂರ್ತಿ ನಿಂತಿಲ್ಲ. ಆದರೆ ಯಾವ ಸಾಲಿನ ಮೇಲೆ ಜಗಳ ಅಂತ ಈಗ ಎಲ್ಲರಿಗೂ ಗೊತ್ತಿದೆ.

ಪ್ರಶ್ನೆಗಳಿದ್ದರೆ ಕೇಳಿ.