ಪಾತ್ರದ ಪಕ್ವತೆಗೆ ಅಂಕ ಕೊಡಬಹುದೇ?

ಸ್ನೇಹಿತರೇ,

ಸಾಹಿತ್ಯದ ತರಗತಿಯಲ್ಲಿ ಪಾತ್ರಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡಿಸುತ್ತೇನೆ ಎಂದಾಗ, ಮನುಷ್ಯನನ್ನು ತಕ್ಕಡಿಯಲ್ಲಿಟ್ಟು ತೂಗುತ್ತೀರಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಆ ಆತಂಕ ನ್ಯಾಯವಾದದ್ದೇ. ಆದರೂ ನಾನು ಈ ಪದ್ಧತಿಯನ್ನು ಬಿಟ್ಟಿಲ್ಲ.

ಧರ್ಮರಾಯನನ್ನೇ ನೋಡಿ. ಅವನು ಪಕ್ವ ಮನಸ್ಸಿನವನೇ ಎಂದು ಕೇಳಿದರೆ ಇಡೀ ತರಗತಿ ಹೌದೆಂದು ಹೇಳಿ ಸುಮ್ಮನಾಗುತ್ತದೆ. ದ್ರೌಪದಿಯನ್ನು ಪಣಕ್ಕಿಟ್ಟ ಗಳಿಗೆಯಲ್ಲಿ ಅವನಿಗೆಷ್ಟು ಎಂದು ಕೇಳಿದರೆ ಪೆನ್ನುಗಳು ತಡವರಿಸುತ್ತವೆ. ಮತ್ತೆ ಕರೆ ಬಂದಾಗ ಎರಡನೆಯ ಸಲವೂ ಜೂಜಿಗೆ ಕುಳಿತನಲ್ಲ, ಆಗ? ವನವಾಸದ 12 ವರ್ಷಗಳ ಕೊನೆಗೆ, ಸತ್ತು ಬಿದ್ದ ನಾಲ್ವರು ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುತ್ತೇನೆಂದ ಯಕ್ಷನೆದುರು ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳುತ್ತಾನೆ. ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂಬುದು ಅವನ ಕಾರಣ. ಇಲ್ಲಿ ಐದು ಕೊಟ್ಟವರೇ, ದ್ರೋಣನಿಗೆ ಅರೆಸುಳ್ಳು ಹೇಳುವಲ್ಲಿ ಎರಡಕ್ಕೆ ಇಳಿಯುತ್ತಾರೆ. ಇಳಿಯಲೊಪ್ಪದವರೂ ಇರುತ್ತಾರೆ. ಅಂಕವನ್ನು ವ್ಯಕ್ತಿಗೆ ಕೊಡದೆ ಗಳಿಗೆಗೆ ಕೊಡಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಮೊದಲು ಮಾತಿಲ್ಲದೆ ಅಂಕ ಬರೆಸುತ್ತೇನೆ, ಪಕ್ಕದಲ್ಲಿ ಪಠ್ಯದ ಒಂದು ಸಾಲನ್ನು ಆಧಾರವಾಗಿ ಕೇಳುತ್ತೇನೆ. ಬಳಿಕ ಅತಿ ಕಡಿಮೆ ಕೊಟ್ಟವರೂ ಅತಿ ಹೆಚ್ಚು ಕೊಟ್ಟವರೂ ಎದುರುಬದುರು ಮಾತಾಡುತ್ತಾರೆ. ಅಂಕ ಬದಲಿಸಲು ಎಲ್ಲರಿಗೂ ಅವಕಾಶವಿದೆ. ಸರಾಸರಿಯನ್ನು ಮಾತ್ರ ನಾನು ಎಂದೂ ತೆಗೆಯುವುದಿಲ್ಲ. ಒಂದನ್ನೂ ಐದನ್ನೂ ಸೇರಿಸಿ ಮೂರು ಎಂದರೆ ಜಗಳವೇ ಮಾಯವಾಗುತ್ತದೆ, ನಮಗೆ ಬೇಕಾದದ್ದೇ ಆ ಜಗಳ.

ಅಂಕಗಳಿಗೆ ಅರ್ಥವನ್ನೂ ಮೊದಲೇ ಕಟ್ಟಿಕೊಡಬೇಕು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಒಂದು, ತಪ್ಪೆಂದು ಅರಿತೂ ನಡೆ ಬದಲಿಸದಿದ್ದರೆ ಮೂರು, ತಿದ್ದಿಕೊಂಡರೆ ಐದು. ಪರರ ನೋವನ್ನು ಕಾಣುವುದಕ್ಕೆ, ಮುಂದಾಲೋಚನೆಗೆ ಬೇರೆ ಬೇರೆ ಸಾಲುಗಳಿರಲಿ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್, ಒಂದು ಗುಣದ ಬಗೆಗಿನ ಅಭಿಪ್ರಾಯ ಉಳಿದೆಲ್ಲ ಗುಣಗಳ ಅಂಕಕ್ಕೂ ಬಣ್ಣ ಬಳಿಯುವುದನ್ನು 1920ರಲ್ಲೇ ತೋರಿಸಿದ್ದರು. ಸತ್ಯವಂತನೆಂಬ ಹೆಸರು ಧರ್ಮರಾಯನ ಜೂಜಿನ ಚಟವನ್ನು ಮುಚ್ಚುವುದೂ ಹೀಗೆಯೇ.

ನನ್ನನ್ನು ಹೆಚ್ಚು ಕಾಡಿದ್ದು ದ್ರೌಪದಿಯ ಅಂಕ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿತ್ತು ಎಂದು ತುಂಬಿದ ಸಭೆಯನ್ನು ಕೇಳಿದ ಹೆಣ್ಣಿಗೆ, ಸಿಟ್ಟು ಮಾಡಿಕೊಂಡಳೆಂಬ ಕಾರಣಕ್ಕೆ ಹಲವರು ಎರಡು ಕೊಟ್ಟಿದ್ದರು. ಸಹನೆಯೇ ಪಕ್ವತೆ ಎಂದು ಅವರಿಗೆ ಕಲಿಸಿದವರು ನಾವೇ ಅಲ್ಲವೇ? ಅಂಕ ಬರೆಸದಿದ್ದರೆ ಈ ನಂಬಿಕೆ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅಂದಿನಿಂದ ಅದೇ ಹಾಳೆಯಲ್ಲಿ ಭೀಷ್ಮನಿಗೂ ಒಂದು ಸಾಲು ಇಡುತ್ತಿದ್ದೇನೆ. ಅವಳ ಪ್ರಶ್ನೆಗೆ, ಧರ್ಮ ಸೂಕ್ಷ್ಮವೆಂದು ಹೇಳಿ ಉತ್ತರಿಸಲಾಗದೆ ಉಳಿದವನು ಅವನು. ಕೆಲವರು ಆ ಸಾಲನ್ನು ಖಾಲಿ ಬಿಡುತ್ತಾರೆ. ಮರುದಿನದ ಪಾಠವನ್ನು ಅವರಿಂದಲೇ ಶುರು ಮಾಡುತ್ತೇನೆ.